ಮೂರನೇ ಮಹಡಿಯವರಿಗೂ ಇಲ್ಲ

ರಾತ್ರಿ ಹನ್ನೆರಡೂಕಾಲಿಗೆ ಉಣ್ಣೆಯ ಟೋಪಿಯೊಳಗಿಂದ ‘ಟಿಣ್’ ಎಂದಿತು.

ಟೋಪಿಯೊಳಗಿದ್ದದ್ದು ಫೋನು. ದಿನಾ ರಾತ್ರಿ ಫೋನನ್ನು ಟೋಪಿಯೊಳಗೆ ಮಲಗಿಸಿ, ಟೋಪಿಯನ್ನು ಕುರ್ಚಿಯ ಮೇಲೆ ಮಲಗಿಸಿ, ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡಿ ಆಮೇಲೆ ತಾನು ಮಲಗುವುದು ಮತ್ತೊಮ್ಮೆಯ ಪದ್ಧತಿ. ಮತ್ತೊಮ್ಮೆ ಎನ್ನುವುದು ಅವಳಿಗೆ ಆಫೀಸಿನವರು ಇಟ್ಟ ಹೆಸರು. ಯಾವ ಕಾಗದ ಕೈಗೆ ಕೊಟ್ಟರೂ, “ತಡೀರಿ, ಮತ್ತೊಮ್ಮೆ ಓದಿಬಿಡ್ತೀನಿ” ಎನ್ನುವುದು ಅವಳ ಬಾಯಿಪಾಠ. ಬಸ್ಸಿನ ಟಿಕೆಟ್ಟನ್ನೂ ಅವಳು ಹಿಂದೆ ಮುಂದೆ ತಿರುಗಿಸಿ ಓದುತ್ತಾಳೆಂದು ಬಸ್ಸು ಓಡಿಸುವ ಅವಳ ಗಂಡನೇ ಸಾಕ್ಷಿ ಹೇಳಿದ್ದ.

‘ಟಿಣ್.’ ಸ್ವಲ್ಪ ಹೊತ್ತು ಬಿಟ್ಟು, ‘ಟಿಣ್, ಟಿಣ್.’

“ಏನೇ ಅದು, ನಲ್ಲಿ ಸೋರ್ತಿದೆಯಾ?” ಎಂದ ಗಂಡ, ಕಣ್ಣು ತೆರೆಯದೆ.

“ಏನಿಲ್ಲ ರೀ, ನೀವು ಮಲಗಿ.”

ಅವನು ಹೇಳಿದ ಮಾತು ಕೇಳುವವನಂತೆ ಆ ಕ್ಷಣವೇ ಗೊರಕೆ ಹೊಡೆದ. ಅವಳು ಟೋಪಿಯ ಬಾಯಿ ಬಿಡಿಸಿ ಫೋನು ನೋಡಿದಳು. ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ಎರಡನೇ ಸಲ ನೋಡಿದಾಗಲೂ ಅದು ಬದಲಾಗದಿದ್ದದ್ದನ್ನು ಕಂಡು ನೆಲದ ಮೇಲೇ ಕೂತುಬಿಟ್ಟಳು.

ವಿಷಯ ಹೀಗಿತ್ತು. ಅವಳ ಆಫೀಸಿನವರು ಗ್ರಂಥಾಲಯಗಳಿಗಾಗಿ ಒಂದು ತಂತ್ರಾಂಶ ಮಾಡಿದ್ದರು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾರು ಒಯ್ದಿದ್ದಾರೆ, ಒಯ್ದವರು ಎಷ್ಟು ದಿನದಿಂದ ನಾಪತ್ತೆ ಎಂದೆಲ್ಲ ಹೇಳುವ ತಂತ್ರಾಂಶ. ಅದನ್ನು ಮುಚ್ಚಿಡದೆ, ಬೇಕಾದವರು ಬಿಚ್ಚಿ ನೋಡಲಿ, ರಿಪೇರಿ ಮಾಡಿಕೊಳ್ಳಲಿ, ಬೇರೆಯವರಿಗೂ ಕೊಡಲಿ ಎಂದು ಓಪನ್ ಸೋರ್ಸ್ ಮಾಡಲು ನಿರ್ಧರಿಸಿದ್ದರು. ಹೀಗೆ ಧಾರಾಳವಾಗಿ ಕೊಡುವುದಕ್ಕೂ ಒಂದು ಕಾಗದ ಬೇಕು. ಅದಕ್ಕೆ ಪರವಾನಗಿ ಎಂದು ಹೆಸರು. ಆ ಪರವಾನಗಿಯನ್ನು ಹತ್ತಾರು ಊರುಗಳ ಗ್ರಂಥಪಾಲಕರು, ಪ್ರೋಗ್ರಾಂ ಬರೆಯುವವರು, ವಕೀಲರು ಎಲ್ಲರೂ ಒಂದೇ ವೆಬ್ ಪುಟದಲ್ಲಿ ಸೇರಿಕೊಂಡು ಒಂದೂವರೆ ವರ್ಷದಿಂದ ಬರೆಯುತ್ತಿದ್ದರು. ಎಂಟು ಜನ ಸೇರಿ ಒಂದು ಹಾಸಿಗೆ ಮಡಿಸಿದ ಹಾಗೆ.

ಬರೆಯುವ ಕ್ರಮ ಮಾತ್ರ ಕಟ್ಟುನಿಟ್ಟು. ಕರಡಿನ ಯಾವ ಸಾಲಿನ ಮೇಲಾದರೂ ಯಾರಾದರೂ ಆಕ್ಷೇಪಣೆ ಹಾಕಬಹುದು. ಹಾಕಿದರೆ ಆ ಸಾಲು ಹಳದಿಯಾಗುತ್ತದೆ. ಒಪ್ಪುವವರು ‘ನಾನೂ’ ಎಂದು ಒತ್ತಿದಂತೆಲ್ಲ ಹಳದಿ ಕಿತ್ತಳೆಯಾಗಿ, ಕಿತ್ತಳೆ ಕೆಂಪಾಗುತ್ತದೆ. ಒಬ್ಬರು ‘ನಾನೂ’ ಎಂದಮೇಲೆ ಆಕ್ಷೇಪಣೆಯನ್ನು ಅಳಿಸುವಂತಿಲ್ಲ. ಹಾಕಿದವರೇ ಬಂದು ‘ನನಗೆ ಸಮಾಧಾನವಾಯಿತು’ ಎಂದು ಹೇಳುವವರೆಗೂ ಆ ಸಾಲು ಮುಗಿಯುವಂತಿಲ್ಲ. ಮರುದಿನ ಸಂಜೆ ಐದಕ್ಕೆ ಎಲ್ಲ ಮುಗಿಯಬೇಕು. ಒಂದು ಸಾಲು ಉಳಿದರೂ ಮತ್ತೆ ಮೂರು ತಿಂಗಳ ಸುತ್ತು.

ಮತ್ತೊಮ್ಮೆಗೆ ಆ ಐದು ಗಂಟೆ ಎಂದರೆ ಪ್ರಾಣ. ನಾಲ್ಕು ವರ್ಷದಿಂದ ಅವಳದು ತಾತ್ಕಾಲಿಕ ಕೆಲಸ. ಆಫೀಸಿನ ಮುಖ್ಯಸ್ಥರು ಬಾಯಿಬಿಟ್ಟು ಹೇಳಿದ್ದರು: “ಪರವಾನಗಿ ಮುಗಿದ ದಿನ, ಅದನ್ನ ಗ್ರಂಥಾಲಯದವರಿಗೆ ವಿವರಿಸೋಕೆ ಒಂದು ಕಾಯಂ ಹುದ್ದೆ ಮಾಡ್ತೀನಿ. ಸದ್ಯಕ್ಕೆ ನನ್ನ ಮನಸ್ಸಲ್ಲಿರೋದು ನೀವೇ. ಆದ್ರೆ ಒಂದು ಮಾತು. ಕರಡನ್ನ ಕಾಯೋರು ನಾವು. ನಮ್ಮ ಆಫೀಸಿನವರು ಯಾರೂ ಅದರಲ್ಲಿ ಆಕ್ಷೇಪಣೆ ಹಾಕೋ ಹಾಗಿಲ್ಲ. ಅಂಪೈರ್ ಬ್ಯಾಟ್ ಹಿಡಿದ ಅಂತ ಗೊತ್ತಾದ್ರೆ ಮನೆಗೇ.”

ಅವಳೂ ಒಂದೂವರೆ ವರ್ಷ ಕೈಕಟ್ಟಿಕೊಂಡೇ ಇದ್ದಳು. ಆದರೆ ಹನ್ನೊಂದನೇ ಕಲಂ ಅವಳಿಗೆ ಹಲ್ಲಿನ ಸಂದಿಯ ನಾರಾಗಿತ್ತು. ಒಂದೇ ವಾಕ್ಯ, ಇನ್ನೂರು ಪದ. ಓದಲು ಹೊರಟರೆ ನಡುದಾರಿಯಲ್ಲಿ ಉಸಿರು ಬಿಡಬೇಕು. ಕೊನೆಯ ರಾತ್ರಿ ತಡೆಯಲಾರದೆ, ‘ಇರುವೆ’ ಎಂಬ ಗುಪ್ತನಾಮದಲ್ಲಿ, ಅದನ್ನು ಹೀಗೆ ಸರಳ ಮಾಡಬಾರದೇ ಎಂದು ಐದು ಸಾಲು ಬರೆದಳು.

ಅದೇ ರಾತ್ರಿ ಇನ್ನೊಂದು ಬರವಣಿಗೆಯೂ ಇತ್ತು. ಅವರ ಬಾಡಿಗೆ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಒಂದು ಮರದ ಏಣಿ. ಅದನ್ನು ಮೂರನೇ ಮಹಡಿಯ ಲೆಕ್ಕದ ಮೇಷ್ಟ್ರು ಒಯ್ದು ತಮ್ಮ ಬಾಲ್ಕನಿಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳುತ್ತಿದ್ದರು. “ನೀನು ಓದಿದವಳು, ಒಂದು ನಿಯಮ ಬರೆದು ಕಟ್ಟಡದವರ ಫೋನ್ ಗುಂಪಿಗೆ ಹಾಕು” ಎಂದು ಅತ್ತೆ ವಾರದಿಂದ ಪ್ರಾಣ ತಿಂದಿದ್ದರು. ಏಣಿಯದನ್ನೂ ಬರೆದಳು. ಎರಡನ್ನೂ ಹಳೇ ಲ್ಯಾಪ್‌ಟಾಪಿನಲ್ಲಿ ಒಂದೇ ಹಾಳೆಯಲ್ಲಿ ಬರೆದು, ಎರಡನ್ನೂ ಎರಡೆರಡು ಸಲ ಓದಿ, ಕಲಮಿನ ಕೆಳಗೆ ‘ಇದರ ಬದಲು ಹೀಗೆ ಇರಲಿ’ ಎಂದು ಮುನ್ನುಡಿ ಹಾಕಿ, ಒಂದನ್ನು ಅಲ್ಲಿಗೆ ಒಂದನ್ನು ಇಲ್ಲಿಗೆ ನಕಲು ಮಾಡಿ ಹಾಕಿ ಮಲಗಿದ್ದಳು.

ಬರೆದದ್ದನ್ನು ಎರಡು ಸಲ ಓದಿದ್ದಳು. ಎಲ್ಲಿ ಹಾಕಿದೆ ಎಂಬುದನ್ನು ಒಂದು ಸಲವೂ ನೋಡಿರಲಿಲ್ಲ.

ಈಗ ಹನ್ನೊಂದನೇ ಕಲಮಿನ ಮೇಲೆ, ಇಡೀ ಲೋಕ ನೋಡುವಂತೆ, ಇರುವೆಯ ಆಕ್ಷೇಪಣೆ ಹೊಳೆಯುತ್ತಿತ್ತು:

‘ಇದರ ಬದಲು ಹೀಗೆ ಇರಲಿ. ಏಣಿ ಎಲ್ಲರದು. ಒಯ್ದವರು ಬೇರೆಯವರಿಗೆ ಕೊಡುವಾಗ ತಮಗೆ ಸಿಕ್ಕಂತೆಯೇ ಕೊಡಬೇಕು. ಮೆಟ್ಟಿಲು ಮುರಿದಿದ್ದರೆ ಹೇಳಿ ಕೊಡಬೇಕು. ಹೊಸ ಮೆಟ್ಟಿಲು ಸೇರಿಸಿದ್ದರೆ ಕಿತ್ತಿಟ್ಟುಕೊಂಡು ಕೊಡಬಾರದು. ಬೀಗ ಹಾಕಿ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮೂರನೇ ಮಹಡಿಯವರಿಗೂ ಇಲ್ಲ.’

ಕೆಳಗೆ: ‘ನಾನೂ’ ಹದಿನೇಳು. ಅವಳು ನೋಡುತ್ತಿದ್ದಂತೆಯೇ ಟಿಣ್. ಹದಿನೆಂಟು. ಇಲ್ಲಿ ರಾತ್ರಿಯಾದರೆ ಎಲ್ಲಿಯೋ ಹಗಲು, ಹಗಲಿನವರೆಲ್ಲ ಓದುತ್ತಿದ್ದರು.

ಏಣಿಯ ಮಾತು ಇಲ್ಲಿಗೆ ಬಂದಿದ್ದರೆ ಇಲ್ಲಿಯ ಮಾತು ಎಲ್ಲಿಗೆ ಹೋಗಿರಬೇಕು ಎಂದು ಯೋಚಿಸುವಷ್ಟು ಜಾಗ ಆ ಹೊತ್ತು ಅವಳ ತಲೆಯಲ್ಲಿ ಇರಲಿಲ್ಲ. ಟೋಪಿಯನ್ನು ತಾನೇ ಹಾಕಿಕೊಂಡು, ಕಿವಿ ಮುಚ್ಚಿಕೊಂಡು, ಬೆಳಗಾಗುವವರೆಗೂ ಗೋಡೆ ನೋಡುತ್ತ ಕೂತಳು.

ಆಫೀಸು ಒಂದು ಸೈಕಲ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಗ್ರೀಸಿನ ವಾಸನೆಯ ಜೊತೆಗೆ ಮುಖ್ಯಸ್ಥರ ದನಿಯೂ ಬಂತು.

“ಯಾರ್ರೀ ಇದು ಇರುವೆ? ಒಂದೂವರೆ ವರ್ಷ ಎಲ್ಲಿ ಸತ್ತಿತ್ತು? ಕೊನೇ ದಿನ ಬಂದು ಕಚ್ಚಬೇಕಾ?”

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹನ್ನೊಂದನೇ ಕಲಂ ಹಣ್ಣು ಮೆಣಸಿನಕಾಯಿಯಂತೆ ಕೆಂಪಗಿತ್ತು. ‘ನಾನೂ’ ಅರವತ್ತೆರಡು. ಅದರ ಮುಂದೆ ಆಫೀಸಿನ ವಕೀಲರು ಕಣ್ಣು ಮುಚ್ಚಿ ನಿಂತಿದ್ದರು. ಅವರು ಯೋಚಿಸುವುದೂ ನಿದ್ದೆ ಮಾಡುವುದೂ ಒಂದೇ ಭಂಗಿಯಲ್ಲಿ. ಯಾವಾಗ ಯಾವುದು ಎಂದು ಅವರು ಬಾಯಿಬಿಟ್ಟಾಗಲೇ ತಿಳಿಯುವುದು.

“ಮೂರನೇ ಮಹಡಿ...” ಎಂದರು ವಕೀಲರು ಕಣ್ಣು ಮುಚ್ಚಿಯೇ. “ಗಮನಿಸಿದ್ರಾ ಸರ್? ಮೊದಲನೇ ಮಹಡಿ ಅಂದ್ರೆ ತಂತ್ರಾಂಶ ಬರೆದವರು. ಎರಡನೇ ಮಹಡಿ ಬಳಸೋರು. ಮೂರನೇ ಮಹಡಿ ಅಂದ್ರೆ ಬರೀದೇ, ಏನೂ ಕೊಡ್ದೇ, ಮೇಲೆ ಕೂತು ಬೀಗ ಹಾಕ್ಕೊಳ್ಳೋ ದೊಡ್ಡ ಕಂಪನಿಗಳು. ಮೂವತ್ತು ಪುಟದಲ್ಲಿ ನನ್ನ ಕೈಲಿ ಹೇಳೋಕಾಗಲಿಲ್ಲ. ಎಂಥ ಮಾತ್ರೀ!”

“ಮಾತು ಚೆನ್ನಾಗಿದ್ರೆ ತಲೆ ಮೇಲೆ ಹೊತ್ಕೊಳ್ಳಿ. ಐದು ಗಂಟೆಗೆ ಮುಗೀಬೇಕು!” ಮುಖ್ಯಸ್ಥರು ತಿರುಗಿ ಇವಳನ್ನು ಕಂಡರು. “ಬಂದ್ರಾ? ಒಳ್ಳೇದಾಯ್ತು. ಈ ಇರುವೆ ಯಾವ ಗೂಡಿನದು ಅಂತ ಹುಡುಕೋ ಕೆಲಸ ನಿಮ್ಮದು. ಹುಡುಕಿ, ಕೈಕಾಲು ಹಿಡ್ಕೊಂಡು, ‘ಸಮಾಧಾನವಾಯಿತು’ ಅನ್ನಿಸಿ. ನಿಮ್ಮ ಹುದ್ದೆ ಅದರ ಮೇಲಿದೆ.”

ಕಳ್ಳನ ಕೈಗೇ ಲಾಂದ್ರ ಕೊಟ್ಟು ಕಳ್ಳನನ್ನು ಹುಡುಕು ಎಂದಂತಾಯಿತು. “ಆಗಲಿ ಸರ್” ಎಂದಳು. ದನಿ ಅವಳ ಕಿವಿಗೇ ಕೇಳಿಸಲಿಲ್ಲ.

ಪಕ್ಕದ ಮೇಜಿನವಳು ತಪ್ಪಕ್ಕ. ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಆಫೀಸಿನ ಸಮಯ ಮುಗಿದರೂ ಆ ಕಣ್ಣು ಮುಚ್ಚುತ್ತಿರಲಿಲ್ಲ.

“ನಾನು ಹೇಳ್ತೀನಿ ಕೇಳೇ,” ಎಂದು ತಪ್ಪಕ್ಕ ಕುರ್ಚಿಯನ್ನು ಉರುಳಿಸಿಕೊಂಡು ಹತ್ತಿರ ಬಂದಳು. “ಇದನ್ನ ಬರೆದೋರು ಹೆಂಗಸು.”

“ಹೇಗೆ ಹೇಳ್ತೀಯಾ?”

“ಮುರಿದಿದ್ರೆ ಹೇಳಿ ಕೊಡಬೇಕಂತೆ. ಗಂಡಸರು ಹೇಳ್ತಾರಾ? ಇನ್ನೊಂದು, ಬಾಡಿಗೆ ಕಟ್ಟಡದಲ್ಲಿ ಇರೋರು. ಮೂರನೇ ಮಹಡಿಯವರ ಜೊತೆ ಜಗಳ ಇರೋರು.” ತಪ್ಪಕ್ಕ ಕಣ್ಣು ಕಿರಿದು ಮಾಡಿದಳು. “ನಿಮ್ಮ ಕಟ್ಟಡಕ್ಕೆ ಮೂರನೇ ಮಹಡಿ ಇದೆಯೇನೇ?”

“ಇದೆ... ಅಂದ್ರೆ, ಎರಡನೇದರ ಮೇಲಿದೆ.”

“ಎಲ್ಲರದೂ ಎರಡನೇದರ ಮೇಲೇ ಇರತ್ತೆ ಕಣೇ.”

ಅಷ್ಟರಲ್ಲಿ ಫೋನು ರಿಂಗಾಯಿತು. ಅತ್ತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ದನಿಗೆ ಫೋನಿನ ಅಗತ್ಯ ಅಷ್ಟಾಗಿ ಇರಲಿಲ್ಲ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಕಡೆ ಓಡಿದಳು.

“ಏನೇ ತಾಯಿ, ಏನು ಬರೆದು ಹಾಕಿದೀಯಾ ಗುಂಪಿಗೆ?”

“ಏಣಿ ನಿಯಮ ಅತ್ತೆ...” ಎಂದಳು. ರಾತ್ರಿ ತಲೆಯಲ್ಲಿ ಜಾಗವಿಲ್ಲದೆ ಹೊರಗೆ ಕಾದಿದ್ದ ಯೋಚನೆ ಈಗ ಒಳಗೆ ಬಂದು ಕೂತಿತು.

“ಓದ್ತೀನಿ ಕೇಳು. ‘ಇದನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ತಮಗೆ ಬೇಕಾದಂತೆ ಬದಲಾಯಿಸಬಹುದು. ಇಡಿಯಾಗಿಯೋ ಬಿಡಿಯಾಗಿಯೋ ಹಂಚಬಹುದು. ಇದರಿಂದ ಯಾರಿಗೆ ಏನು ತೊಂದರೆಯಾದರೂ ಯಾರೂ ಹೊಣೆಯಲ್ಲ. ಬಳಸಿದವರು ಇದಕ್ಕೆ ಒಪ್ಪಿದಂತೆ.’ ಏಣಿಗೆ ಇದೆಂಥ ನಿಯಮವೇ? ಮೇಷ್ಟ್ರು ಬೆಳಿಗ್ಗೆಯಿಂದ ನಾಲ್ಕು ಸಲ ಓದಿ, ಕನ್ನಡಕ ಒರೆಸಿ ಒರೆಸಿ ನಗ್ತಿದಾರೆ. ಈಗ ಅಂಗಳಕ್ಕೆ ಏಣಿ ಇಳಿಸಿ ಟೇಪಲ್ಲಿ ಅಳೀತಿದಾರೆ!”

“ಯಾಕೆ ಅಳೀತಿದಾರೆ?”

“ನನಗೇನು ಗೊತ್ತು? ಕೈಯಲ್ಲಿ ಗರಗಸ ಇದೆ.”

ಅವಳು ಗೋಡೆಗೆ ಒರಗಿದಳು. ಒಂದು ಕಡೆ ಪರವಾನಗಿಯೊಳಗೆ ಏಣಿ, ಇನ್ನೊಂದು ಕಡೆ ಏಣಿಯ ಮೇಲೆ ಪರವಾನಗಿ. ಆ ಗುಂಪಿನಲ್ಲಿ ‘ಕ್ಷಮಿಸಿ, ಅದು ಏಣಿಯದಲ್ಲ’ ಎಂದು ಬರೆದು ಹಾಕಿದಳು. ಮೇಷ್ಟ್ರಿಂದ ತಕ್ಷಣ ಉತ್ತರ ಬಂತು: ‘ಹಾಕಿದ ನಿಯಮ ಹಾಕಿದ್ದೇ. ನಾನು ಬಳಸಿಯಾಯಿತು. ಒಪ್ಪಿದಂತೆಯೂ ಆಯಿತು.’

ಏಣಿ ಹೋದರೆ ಹೋಗಲಿ, ಮೊದಲು ಹುದ್ದೆ ಎಂದುಕೊಂಡು ಅವಳು ಹೆಂಗಸರ ಕೋಣೆಗೆ ಹೋಗಿ ಬೋಲ್ಟು ಹಾಕಿದಳು. ಎರಡು ಸಲ ಎಳೆದು ನೋಡಿದಳು. ಫೋನಿನಲ್ಲೇ ಇರುವೆಯಾಗಿ ಒಳಹೊಕ್ಕು ಬರೆದಳು: ‘ಕ್ಷಮಿಸಿ. ಇದು ತಪ್ಪಿ ಇಲ್ಲಿಗೆ ಬಂದದ್ದು. ನನಗೆ ಸಮಾಧಾನವಾಯಿತು.’ ಮತ್ತೊಮ್ಮೆ ಓದಿದಳು. ಎಲ್ಲಿ ಹಾಕುತ್ತಿದ್ದೇನೆ ಎಂದು ಈ ಸಲ ಮೂರು ಸಲ ನೋಡಿದಳು. ಹಾಕಿದಳು. ಉಸಿರು ಬಿಟ್ಟಳು. ಅಬ್ಬ, ಇಷ್ಟೇ ತಾನೇ!

ಮುಖ ತೊಳೆದು ಹೊರಬರುವಷ್ಟರಲ್ಲಿ ಪರದೆಯ ಮುಂದೆ ಜಾತ್ರೆ ನೆರೆದಿತ್ತು.

“ಯಾರೋ ಇರುವೆಯನ್ನ ಹೆದರಿಸಿದಾರೆ ಅಂತ ಬರೀತಿದಾರೆ!” ಎಂದಳು ತಪ್ಪಕ್ಕ, ಸಿನಿಮಾ ನೋಡುವವಳ ಹುರುಪಿನಲ್ಲಿ. “‘ಇಷ್ಟು ಚೆನ್ನಾಗಿ ಯಾರಾದರೂ ತಪ್ಪಿ ಬರೆಯುತ್ತಾರೆಯೇ?’ ಅಂತ ಒಬ್ಬರು. ‘ಇರುವೆಯೇ, ಅಂಜಬೇಡ, ನಾವಿದ್ದೇವೆ’ ಅಂತ ಹನ್ನೆರಡು ಜನ. ನೋಡು, ಇದು ಹದಿಮೂರನೇದು.”

ವಕೀಲರು ಕಣ್ಣು ಮುಚ್ಚಿ ನಿಯಮ ಹೇಳಿದರು. “ಒತ್ತಡ ಬಿದ್ದಿದೆ ಅಂತ ಹತ್ತು ಜನ ಅನುಮಾನಪಟ್ಟರೆ, ಬರೆದದ್ದು ಸಾಲದು. ನಾಲ್ಕು ಗಂಟೆ ಸಭೆಯಲ್ಲಿ ಆಕ್ಷೇಪಣೆ ಹಾಕಿದವರು ಸ್ವಂತ ಬಾಯಿಂದ ಹೇಳಬೇಕು. ಆರನೇ ನಿಯಮ. ನಾನೇ ಬರೆದದ್ದು.”

“ನಿಮ್ಮ ಕೈಗಿಷ್ಟು!” ಎಂದರು ಮುಖ್ಯಸ್ಥರು. ಆಮೇಲೆ ಮತ್ತೊಮ್ಮೆಯ ಕಡೆ ತಿರುಗಿ, “ನೀವು ನನ್ನ ಪಕ್ಕದಲ್ಲೇ ಕೂತು ಸಭೆಯ ಟಿಪ್ಪಣಿ ಬರ್ಕೋಬೇಕು. ಅಷ್ಟರೊಳಗೆ ಇರುವೆ ಸಿಕ್ಕಿರಬೇಕು” ಎಂದರು.

ಒಂದೇ ಹೊತ್ತಿಗೆ ಮುಖ್ಯಸ್ಥರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡೂ ಕೂರಬೇಕು, ಎಲ್ಲಿಂದಲೋ ಇರುವೆಯಾಗಿ ಬಾಯಿಬಿಟ್ಟೂ ಮಾತಾಡಬೇಕು. ಒಬ್ಬಳಿಗೆ ಎರಡು ಬಾಯಿ ಬೇಕಿತ್ತು. ಅವಳ ಮನೆಯಲ್ಲಿ ಎರಡನೇ ಬಾಯಿ ಒಂದಿತ್ತು.

ಮಧ್ಯಾಹ್ನ ಸೈಕಲ್ ಅಂಗಡಿಯ ಹಿಂದೆ, ಹಳೆಯ ಟೈರುಗಳ ರಾಶಿಯ ಮರೆಯಲ್ಲಿ ನಿಂತು ಅತ್ತೆಗೆ ಫೋನು ಮಾಡಿ, ನಡೆದದ್ದೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅಳುವೇ ಬಂತು, ಕಾಯಂ ಹುದ್ದೆಯ ಮಾತು ಅದರಲ್ಲೇ ಮುಳುಗಿಹೋಯಿತು.

“ಅಯ್ಯೋ, ಅಳ್ಬೇಡ್ವೇ ಮಂಕೆ,” ಎಂದರು ಅತ್ತೆ. “ಒಂದು ಮಾತು ಹೇಳೋದು ತಾನೇ? ಒಂದು ಕಾಲದಲ್ಲಿ ಇಡೀ ಊರಿನ ಮಾತು ನನ್ನ ಬೆರಳ ಮೇಲಿತ್ತು. ಏನು ಹೇಳಬೇಕು?”

“‘ನನಗೆ ಸಮಾಧಾನವಾಯಿತು.’ ಅಷ್ಟೇ ಅತ್ತೆ. ಅದರ ಮೇಲೆ ಒಂದು ಪದ ಬೇಡ. ನನ್ನ ಹೆಸರು ಬೇಡ, ಸೊಸೆ ಅನ್ನೋ ಮಾತೂ ಬೇಡ. ನನ್ನ ಹಳೇ ಲ್ಯಾಪ್‌ಟಾಪ್ ತೆಗೀರಿ, ಅದರಲ್ಲಿ ನಾನು ಇನ್ನೂ ಇರುವೆಯಾಗೇ ಇದೀನಿ. ನಾಲ್ಕು ಗಂಟೆಗೆ ಹಸಿರು ಗುಂಡಿ ಬರತ್ತೆ, ಒತ್ತಿ.”

“ಸರಿ ಬಿಡು, ಆಯ್ತು ಅಂದ್ಕೋ.”

“ಮತ್ತೊಮ್ಮೆ ಹೇಳಿ ನೋಡೋಣ.”

“ನನಗೆ ಸಮಾಧಾನವಾಯಿತು. ಸಾಕಾ? ಹೋಗಿ ಊಟ ಮಾಡು.”

ಬುತ್ತಿ ಅರ್ಧ ಹಾಗೇ ಉಳಿಯಿತು. ಆದರೂ ಅತ್ತೆ ಇದ್ದಾರೆ ಎಂಬ ಧೈರ್ಯಕ್ಕೆ ಎದೆ ಒಂದಿಷ್ಟು ಹಗುರಾಯಿತು.

ನಾಲ್ಕು ಗಂಟೆಗೆ ಮುಖ್ಯಸ್ಥರ ಕೋಣೆಯಲ್ಲಿ ಬಾಗಿಲು ಹಾಕಿ, ಮೇಜಿನ ನಡುವೆ ಕಪ್ಪು ಸ್ಪೀಕರ್ ಡಬ್ಬಿ ಇಟ್ಟು ಎಲ್ಲರೂ ಸುತ್ತ ಕೂತರು. ಒಂದೊಂದು ಊರಿನಿಂದ ಒಂದೊಂದು ದನಿ ಬಂದು ಡಬ್ಬಿಯಲ್ಲಿ ಇಳಿಯಿತು. ಸಭೆ ನಡೆಸುವವರು ದೂರದ ಊರಿನ ಒಬ್ಬ ಗ್ರಂಥಪಾಲಕಿ. ಗ್ರಂಥಾಲಯದ ಅಭ್ಯಾಸದಿಂದಲೋ ಏನೋ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಉಳಿದ ಕಲಮುಗಳೆಲ್ಲ ಒಂದೊಂದಾಗಿ ಹಸಿರಾದವು. ನಾಲ್ಕೂ ನಲವತ್ತಕ್ಕೆ ಹನ್ನೊಂದನೆಯದು ಬಂತು.

“ಇರುವೆಯವರೇ, ಇದೀರಾ?”

ಡಬ್ಬಿಯೊಳಗೆ ಕರ್‌ರ್ ಎಂದು ಸದ್ದಾಯಿತು. ಆಮೇಲೆ, “ಹಲೋ, ಇದೀನಿ, ಮಾತಾಡಿ” ಎಂದ ದನಿಗೆ ಮೇಜಿನ ಮೇಲಿನ ನೀರಿನ ಲೋಟ ನಡುಗಿತು.

“ನಿಮ್ಮನ್ನ ಯಾರಾದರೂ ಹೆದರಿಸಿದ್ದಾರಾ?”

“ನನ್ನನ್ನಾ? ಹೆದರಿಸೋರು ಇನ್ನೂ ಹುಟ್ಟಬೇಕಷ್ಟೇ.”

ಡಬ್ಬಿಯೊಳಗೆ ಹತ್ತಾರು ಊರುಗಳು ನಕ್ಕವು. ಮುಖ್ಯಸ್ಥರೂ ನಕ್ಕರು. ಸರಿಹೋಗುತ್ತಿದೆ ಎಂದುಕೊಂಡಳು ಮತ್ತೊಮ್ಮೆ. ಇನ್ನೊಂದೇ ಮಾತು. ಎರಡು ಪದ. ಅತ್ತೆ, ನಿಮ್ಮ ದಮ್ಮಯ್ಯ.

“ಹಾಗಾದರೆ ನಿಮಗೆ ಸಮಾಧಾನವಾಗಿದೆಯಾ?” ಎಂದು ಪಿಸುಗುಟ್ಟಿದರು ಗ್ರಂಥಪಾಲಕಿ.

“ನನಗೆ ಸಮಾಧಾನ...” ಎಂದರು ಅತ್ತೆ. ಅಲ್ಲಿಗೆ ನಿಲ್ಲಿಸಿದರು. ಹಿಂದುಗಡೆ ಎಲ್ಲಿಯೋ ಮರ ಬಿದ್ದಂತೆ ಧಡಾರ್ ಎಂದಿತು. “...ಎಲ್ಲಿಯ ಸಮಾಧಾನ! ಆ ಮೂರನೇ ಮಹಡಿಯವನು ಈಗ ತಾನೇ ನನ್ನ ಕಣ್ಣ ಮುಂದೆ ಏಣಿ ಕೊಯ್ದು ಎರಡು ತುಂಡು ಮಾಡಿದ! ಹದಿನಾಲ್ಕು ಮೆಟ್ಟಿಲಿದ್ದದ್ದು. ಏಳು ತನಗಂತೆ, ಏಳು ನಮಗೆಲ್ಲಾ ಅಂತೆ. ಕೇಳಿದ್ರೆ, ನಿಯಮದಲ್ಲೇ ಬರೆದಿದೆ, ಬಿಡಿಯಾಗಿ ಹಂಚಬಹುದು ಅಂತಾನೆ! ಏಳು ಮೆಟ್ಟಿಲು ಇಟ್ಕೊಂಡು ನಾನೇನು ಮಾಡ್ಲಿ? ಅರ್ಧ ಬಲ್ಬು ಹಾಕ್ಲಾ? ಎಲ್ಲರದು ಅಂತ ಇರೋದನ್ನ ಒಬ್ಬ ಬುದ್ಧಿವಂತ ಕೊಯ್ದು ಇಟ್ಕೊಂಡ್ರೆ ಅದು ಅವನಿಗೂ ಪೂರ್ತಿ ಆಗಲ್ಲ, ನಮಗೂ ಪೂರ್ತಿ ಆಗಲ್ಲ. ಇಷ್ಟು ತಿಳಿಯಲ್ವಾ ದೊಡ್ಡ ದೊಡ್ಡ ಓದು ಓದಿದೋರಿಗೆ?”

ಮತ್ತೊಮ್ಮೆ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿ, ಕಿಟಕಿಯಿಂದ ಸೈಕಲ್ ಅಂಗಡಿಯ ಮುಂದಿನ ತಗಡಿನ ಚಾವಣಿಗೆ ಎಷ್ಟು ಎತ್ತರ ಇರಬಹುದು ಎಂದು ನೋಡಿದಳು.

ಡಬ್ಬಿಯಲ್ಲಿ ಯಾವ ಊರಿನಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಂದು ಊರು ಸೇರಿಕೊಂಡಿತು. ವಕೀಲರು ಮೊದಲ ಬಾರಿಗೆ ಕಣ್ಣು ತೆರೆದರು. ಅವು ಒದ್ದೆಯಾಗಿದ್ದವು.

“ಕೊಯ್ದು ಇಟ್ಕೊಂಡ್ರೆ ಅವನಿಗೂ ಪೂರ್ತಿ ಆಗಲ್ಲ...” ಎಂದರು ಅವರು. “ಸರ್, ಇದೇ ಸರ್. ನಾವು ಒಂದೂವರೆ ವರ್ಷ ಹುಡುಕಿದ್ದು ಇದನ್ನೇ.”

“ಇರುವೆಯವರೇ, ಏನು ಮಾಡಿದರೆ ನಿಮಗೆ ಸಮಾಧಾನ?” ಗ್ರಂಥಪಾಲಕಿಯ ಪಿಸುಮಾತು ಈಗ ಮಾತಾಗಿತ್ತು.

“ಬರೆದದ್ದನ್ನ ಬರೆದ ಹಾಗೇ ಹಾಕಿ. ಒಂದಕ್ಷರ ತೆಗೀಬೇಡಿ. ಮೂರನೇ ಮಹಡಿಯವರನ್ನಂತೂ ತೆಗೀಲೇಬೇಡಿ. ಆಗ ನನಗೆ ಸಮಾಧಾನ.”

ನಾಲ್ಕೂ ಐವತ್ತೇಳಕ್ಕೆ, ಒಬ್ಬರೂ ಅಡ್ಡಿ ಹೇಳದೆ, ಇನ್ನೂರು ಪದದ ಹಳೆಯ ಹನ್ನೊಂದನೇ ಕಲಂ ಅಳಿಸಿಹೋಗಿ ಅದರ ಜಾಗದಲ್ಲಿ ಏಣಿ ನಿಂತಿತು. ‘ಇಲ್ಲಿ ಏಣಿ ಎಂದರೆ ಈ ತಂತ್ರಾಂಶ’ ಎಂದು ವಕೀಲರು ಕೆಳಗೊಂದು ಸಾಲು ಸೇರಿಸಿದರು. ಪುಟವೆಲ್ಲ ಹಸಿರಾಯಿತು. ಮುಖ್ಯಸ್ಥರು ತಪ್ಪಕ್ಕನ ಕೈ ಕುಲುಕಿದರು, ವಕೀಲರನ್ನು ಅಪ್ಪಿಕೊಂಡರು, ಡಬ್ಬಿಯ ಬೆನ್ನು ತಟ್ಟಿದರು.

“ಅಮ್ಮಾ, ಒಂದು ನಿಮಿಷ. ನೀವು ಏನು ಕೆಲಸ ಮಾಡ್ತೀರಿ?” ಎಂದು ಡಬ್ಬಿಗೆ ಬಾಗಿ ಕೇಳಿದರು.

“ನಾನಾ? ಮೂವತ್ತೊಂದು ವರ್ಷ ಫೋನಲ್ಲಿ ಜನಕ್ಕೆ ತಿಳಿಯೋ ಹಾಗೆ ಮಾತಾಡಿದೀನಿ. ಈಗ ಸುಮ್ನೆ ಕೂತಿದೀನಿ.”

ಅಷ್ಟಕ್ಕೆ ಮತ್ತೊಮ್ಮೆ ಕೆಮ್ಮಿದಳು, ನೀರಿನ ಲೋಟ ಬೀಳಿಸಿದಳು. ಮೇಜು ಒರೆಸುವ ಗಡಿಬಿಡಿಯಲ್ಲಿ ಸಭೆ ಮುಗಿಯಿತು.

ಇರುವೆ ಯಾರೆಂದು ಯಾರೂ ಕೇಳಲಿಲ್ಲ. ತಪ್ಪಕ್ಕ ಮಾತ್ರ, “ನೋಡಿದ್ಯಾ, ಹೆಂಗಸೇ ಅಂದೆ ತಾನೇ? ವಯಸ್ಸು ಮಾತ್ರ ತಪ್ಪಿದೆ. ನಾನು ನಿನ್ನ ವಯಸ್ಸಿನವಳು ಅಂದ್ಕೊಂಡಿದ್ದೆ” ಎಂದು ಬ್ಯಾಗು ಹೆಗಲಿಗೇರಿಸಿ ಹೋದಳು. ಮತ್ತೊಮ್ಮೆ ಮೆಲ್ಲನೆ ಮುಖ್ಯಸ್ಥರ ಬಾಗಿಲಲ್ಲಿ ನಿಂತು, “ಸರ್, ಆ ಹುದ್ದೆ...” ಎಂದಳು. ಅವರು ಆಗಲೇ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತ, ಫೋನು ಕಿವಿಗಿಟ್ಟುಕೊಂಡಿದ್ದರು. ನಗುತ್ತ ಕೈಯೆತ್ತಿ, “ಸೋಮವಾರ, ಸೋಮವಾರ! ಎಲ್ಲ ಒಳ್ಳೇದಾಗಿದೆ” ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಗಾಳಿ ಮುಖಕ್ಕೆ ಬಡಿಯುವಾಗ ಮತ್ತೊಮ್ಮೆಗೆ ಬೆಳಗಿನಿಂದ ಬಿಗಿಹಿಡಿದಿದ್ದ ಭುಜಗಳು ತಾವಾಗಿ ಇಳಿದವು. ತಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆದ ಆರು ಸಾಲು ಇನ್ನು ಎಷ್ಟೋ ಊರಿನ ಗ್ರಂಥಾಲಯಗಳಲ್ಲಿ ಇರುತ್ತವೆ. ಯಾರಿಗೂ ಗೊತ್ತಿಲ್ಲ, ಇರಲಿ. ಗೊತ್ತಾಗದಿದ್ದದ್ದೇ ಪುಣ್ಯ. ಅವಳು ಟಿಕೆಟ್ಟನ್ನು ಒಂದೇ ಸಲ ನೋಡಿ ಜೇಬಿಗೆ ಹಾಕಿದಳು.

ಅಂಗಳದಲ್ಲಿ ಏಳು ಮೆಟ್ಟಿಲಿನ ಅರ್ಧ ಏಣಿ ಗೋಡೆಗೆ ಒರಗಿ, ಹಲ್ಲುದುರಿದ ಬಾಚಣಿಗೆಯಂತೆ ನಿಂತಿತ್ತು. ಮೇಲಿಂದ ಮೇಷ್ಟ್ರು ಇಣುಕಿ, “ಒಳ್ಳೇ ನಿಯಮ ಬರೆದಿದೀಯಮ್ಮಾ!” ಎಂದರು. ಅದಕ್ಕೂ ಅವಳು ನಕ್ಕಳು.

ಮನೆಯಲ್ಲಿ ಅತ್ತೆ ದೀಪದ ಕೆಳಗೆ ಕೂತು, ಕೆಲಸಕ್ಕೆ ಹೋಗುತ್ತಿದ್ದ ಕಾಲದ ಹಳೆಯ ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಪಕ್ಕದಲ್ಲಿ ಪಾಲಿಶ್ ಮಾಡಿದ ಚಪ್ಪಲಿ.

“ಅತ್ತೆ, ಬದುಕಿಸಿದಿರಿ,” ಎಂದು ಅವಳು ಅವರ ಪಕ್ಕ ಕುಸಿದು ಕೂತಳು. “ಹೇಳಿದ್ದೊಂದು, ನೀವು ಆಡಿದ್ದೊಂದು. ಆದರೂ ಬದುಕಿಸಿದಿರಿ. ಎಲ್ಲಿಗೆ ಹೊರಟಿದೀರಿ?”

“ಸೋಮವಾರದಿಂದ ಕೆಲಸಕ್ಕೆ ಕಣೇ.”

“ಯಾವ ಕೆಲಸ?”

“ನಿಮ್ಮ ಮುಖ್ಯಸ್ಥರು ಆ ಲ್ಯಾಪ್‌ಟಾಪಿಗೇ ಫೋನು ಮಾಡಿದ್ರಲ್ಲ! ತುಂಬಾ ಮರ್ಯಾದಸ್ಥ. ಗ್ರಂಥಾಲಯದವರು ಫೋನು ಮಾಡಿ ಕೇಳಿದ್ರೆ ಪರವಾನಗಿ ಅಂದ್ರೆ ಏನು ಅಂತ ತಿಳಿಯೋ ಹಾಗೆ ಹೇಳಬೇಕಂತೆ. ಇಂಥ ದನಿ ಇಡೀ ಆಫೀಸಲ್ಲಿ ಇಲ್ಲ ಅಂದ್ರು. ಕಾಯಂ ಹುದ್ದೆ. ಒಂದೇ ಒಂದು ಇದೆಯಂತೆ. ನಾನು ಹೂಂ ಅಂದೆ.”

ಮತ್ತೊಮ್ಮೆ ಪಾಲಿಶ್ ಮಾಡಿದ ಚಪ್ಪಲಿಯನ್ನು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ನೀನೇನೂ ಹೆದರ್ಬೇಡ. ನಿನ್ನ ವಿಷಯ ನಾನು ಬಾಯಿ ಬಿಡಲ್ಲ. ಅಲ್ಲಿ ನೀನು ಯಾರೋ ನಾನು ಯಾರೋ. ಬೇರೆ ಬೇರೆ ಬಸ್ಸಲ್ಲಿ ಹೋಗೋಣ.” ಅತ್ತೆ ಗಡಿಯಾರವನ್ನು ಕಿವಿಗಿಟ್ಟು ಕೇಳಿದರು. “ಸಹಾಯಕ್ಕೆ ಒಬ್ಬ ಹುಡುಗಿ ಇದಾಳಂತೆ. ತಾತ್ಕಾಲಿಕ. ಮಾತು ಗಂಟಲಿಂದ ಹೊರಗೆ ಬರಲ್ಲವಂತೆ, ಆದ್ರೆ ಏನು ಕೊಟ್ರೂ ಎರಡು ಸಲ ಓದ್ತಾಳಂತೆ. ತಾಳ್ಮೆಯಿಂದ ತಿದ್ದಿಕೊಳ್ಳಿ ಅಂದ್ರು.”

ಅವಳು ಅಳಬೇಕೋ ನಗಬೇಕೋ ತಿಳಿಯದೆ ಅತ್ತೆಯ ಮುಖ ನೋಡಿದಳು. ಅರವತ್ತಾರು ವರ್ಷದ ಆ ಮುಖದಲ್ಲಿ ಶಾಲೆಗೆ ಸೇರಿದ ಮೊದಲ ದಿನದ ಸಂಭ್ರಮ. ಹೇಳಿಬಿಟ್ಟರೆ? ಇರುವೆ ನಾನು, ಬರೆದವಳು ನಾನು, ಹುದ್ದೆ ನನ್ನದು ಎಂದು ಮುಖ್ಯಸ್ಥರಿಗೆ ಹೇಳಿಬಿಟ್ಟರೆ, ಅಂಪೈರ್ ಬ್ಯಾಟ್ ಹಿಡಿದದ್ದೂ ಹೊರಬೀಳುತ್ತದೆ. ಅತ್ತೆಯ ಕೆಲಸವೂ ಹೋಗುತ್ತದೆ, ಈಗ ಇರುವ ತಾತ್ಕಾಲಿಕವೂ ಹೋಗುತ್ತದೆ. ಹೇಳದಿದ್ದರೆ, ಇದ್ದದ್ದಂತೂ ಇರುತ್ತದೆ. ಇದ್ದದ್ದು ಇದೆಯಲ್ಲ ಎಂದು ಎದೆಯೊಳಗೆ ಯಾರೋ ಮೆತ್ತಗೆ ಉಸಿರು ಬಿಟ್ಟಂತಾಯಿತು.

ಎಂಟು ಗಂಟೆಗೆ ಗಂಡ ಬಂದ. ಅಂಗಳದ ಅರ್ಧ ಏಣಿ ನೋಡಿದ, ಅಮ್ಮನ ಕೈಗಡಿಯಾರ ನೋಡಿದ, ಹೆಂಡತಿಯ ಮುಖ ನೋಡಿದ.

“ಅಮ್ಮ ಯಾಕೆ ಇಷ್ಟು ಖುಷಿಯಲ್ಲಿದಾರೆ? ಏಣಿ ಯಾಕೆ ಹಾಗಿದೆ? ಇವತ್ತು ಏನಾಯ್ತೇ?”

ನಾಲಗೆಯ ತುದಿಗೆ ಬಂದ ಮಾತನ್ನು ಅವಳು ಮನಸ್ಸಿನಲ್ಲೇ ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ, ಇದನ್ನು ಎಲ್ಲಿ ಹಾಕಬಹುದು ಎಂದು ನೋಡಿದಳು. ಗಂಡನ ಕಿವಿ, ತಪ್ಪಕ್ಕನ ಕಿವಿ, ಮುಖ್ಯಸ್ಥರ ಕಿವಿ. ಎಲ್ಲಿಯೂ ಜಾಗ ಸರಿಕಾಣಲಿಲ್ಲ.

“ಏನಿಲ್ಲ ರೀ,” ಎಂದಳು. “ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕೆ.”

ಫೋನನ್ನು ಟೋಪಿಯೊಳಗೆ ಹಾಕಿ, ಟೋಪಿಯ ಬಾಯಿಗೆ ಗಂಟು ಹಾಕಿದಳು.